ಸನದನ ಸಾವಿಗೆ ಸಾಕ್ಷಿ

ಅರಬರ ಕಡಲತೀರದ ಸೂರ್ ಪಟ್ಟಣದಲ್ಲಿ ಮತರ್ ಬಿನ್ ಘಾನಿಮನನ್ನು ಅರಿಯದವರಿರಲಿಲ್ಲ. ಬೇಸಗೆಯಲ್ಲಿ ಒಂಟೆ ಸಾಕುವ ಅಲೆಮಾರಿಗಳೂ ಕಾಲಿಡಲು ಹಿಂಜರಿಯುವ ಮಹಾ ಮರಳುಗಾಡನ್ನು ನಡೆದು ದಾಟಿದವನು ಅವನು. ದಕ್ಷಿಣ ಧ್ರುವದ ತನಕ ಹಿಮದ ಮೇಲೆ ತನ್ನ ಜಾರುಬಂಡಿಯನ್ನು ತಾನೇ ಎಳೆದುಕೊಂಡು ಹೋಗಿ, ಎಡಗಾಲಿನ ಎರಡು ಬೆರಳುಗಳನ್ನು ಆ ಚಳಿಗೆ ಕೊಟ್ಟು ಬಂದಿದ್ದ. ಅವನಿಗಿಂತ ಮೊದಲು ಅವನ ನಾಡಿನಿಂದ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಶಾಲೆಗಳವರು ಕರೆದಾಗಲೆಲ್ಲ ಅವನು ಆಡುತ್ತಿದ್ದುದು ಒಂದೇ ಮಾತು: ಕೈಚೆಲ್ಲುವ ತನಕ ಮನುಷ್ಯ ಸಾಯುವುದಿಲ್ಲ. ಆ ಮಾತನ್ನು ಯಾರೋ ಮೀನುಮಾರುಕಟ್ಟೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು.

ಸೂರ್‌ನಿಂದ ಝಾಂಜಿಬಾರಿಗೆ ದೋಣಿಯಲ್ಲಿ ಹುಟ್ಟುಹಾಕಿಕೊಂಡೇ ಹೋಗುತ್ತೇನೆಂದು ಅವನು ಹೇಳಿದಾಗ ಹಡಗುಕಟ್ಟೆಯ ಮುದುಕರು ಕಾಫಿಯ ಬಟ್ಟಲು ಕೆಳಗಿಟ್ಟು ನಕ್ಕರು. “ನಮ್ಮಜ್ಜಂದಿರು ಹಾಯಿ ಬಿಚ್ಚಿ, ಕಾಲು ಚಾಚಿ ಮಲಗಿ ಹೋದ ದಾರಿ ಕಣೋ ಅದು. ಕತ್ತೆ ಪಕ್ಕದಲ್ಲೇ ಇದ್ರೂ ಮೂಟೆ ನಾನೇ ಹೊರ್ತೀನಿ ಅನ್ನೋನು ನೀನೊಬ್ಬನೇ” ಎಂದನೊಬ್ಬ. ಮತರನೂ ನಕ್ಕ. ಅಷ್ಟು ದೂರಕ್ಕೆ ಜೊತೆಗೊಬ್ಬ ಬೇಕಾಗಿತ್ತು. ತಂಗಿ ಶಮ್ಸಾಳ ಗಂಡ ಸನದ್ ತಾನಾಗಿಯೇ ಬಂದ. ಮೀನುಗಾರರ ಮನೆಯ ಹುಡುಗ, ರಟ್ಟೆಯಲ್ಲಿ ಕಸುವಿದ್ದವನು, ಭಾವನ ಹೆಸರು ಕೇಳಿದರೆ ಎದೆಯುಬ್ಬಿಸುತ್ತಿದ್ದವನು. ಅವನ ತಾಯಿಗೆ ಇದ್ದವನು ಅವನೊಬ್ಬನೇ. ಆಕೆಯನ್ನು ಊರೆಲ್ಲ ಮಗನ ಹೆಸರು ಹಿಡಿದು ಉಮ್ ಸನದ್ ಎಂದೇ ಕರೆಯುತ್ತಿತ್ತು. ಹೊರಡುವ ದಿನ ಆಕೆ ಮತರನ ತಲೆಯ ಮೇಲೆ ಕೈಯಿಟ್ಟು, ಇಬ್ಬರನ್ನೂ ದೇವರಿಗೆ ಒಪ್ಪಿಸಿದ್ದೇನೆ ಎಂದಳು.

ಚಳಿಗಾಲದ ಗಾಳಿ ಬೆನ್ನಿಗಿತ್ತು. ಸೊಕೋತ್ರಾ ದ್ವೀಪದ ಆಚೆಗೆ ದಾಟುವ ತನಕ ಎಲ್ಲವೂ ನೆಟ್ಟಗಿತ್ತು. ಅಲ್ಲಿ ಒಂದು ಬೆಳಿಗ್ಗೆ ಚುಕ್ಕಾಣಿ ಬಿಗಿದುಕೊಂಡಿತು. ಅದನ್ನು ಸರಿಮಾಡಲು ಸನದ್ ತನ್ನನ್ನು ದೋಣಿಗೆ ಬಿಗಿದಿದ್ದ ಸೊಂಟದ ಹಗ್ಗ ಕಳಚಿ ದೋಣಿಯ ಹಿಂಬದಿಗೆ ತೆವಳಿದ. ಹಗ್ಗ ಅಷ್ಟು ಉದ್ದಕ್ಕೆ ಸಾಲುತ್ತಿರಲಿಲ್ಲ. ಮತರ್ ಅದನ್ನು ನೋಡಿದ, ಬೇಡವೆನ್ನಲಿಲ್ಲ. ಒಂದು ಅಲೆ ಅಡ್ಡಲಾಗಿ ಬಂದು ದೋಣಿಯನ್ನು ಮಗುಚಿತು. ದೋಣಿ ಮತ್ತೆ ತಾನೇ ಎದ್ದಾಗ ಮತರ್ ಹಗ್ಗದ ತುದಿಯಲ್ಲಿ ಜೋತಾಡುತ್ತಿದ್ದ. ಸನದ್ ನೀರಿನಲ್ಲಿದ್ದ. ಮಧ್ಯೆ ಎರಡು ಖರ್ಜೂರದ ಮರದಷ್ಟು ದೂರ, ಅದಕ್ಕಿಂತ ಹೆಚ್ಚಿರಲಿಲ್ಲ.

ಎಸೆದ ಹಗ್ಗ ಅವನನ್ನು ಮುಟ್ಟಲಿಲ್ಲ. ಎತ್ತರದ ಒಡಲಿನ ದೋಣಿಯನ್ನು ಗಾಳಿ ಎಲೆಯಂತೆ ತಳ್ಳುತ್ತಿತ್ತು, ನೀರಿನಲ್ಲಿದ್ದವನನ್ನು ತಳ್ಳುತ್ತಿರಲಿಲ್ಲ. ಉಳಿದಿದ್ದ ಒಂದೇ ಹುಟ್ಟಿನಿಂದ ಮತರ್ ಗಾಳಿಗೆ ಎದುರಾಗಿ ಹೊಡೆದ. ಅಂಗೈಯ ಚರ್ಮ ಸುಲಿದು ಬಂತು. ದೋಣಿ ಹಿಂದಕ್ಕೇ ಹೋಯಿತು. ಹಾರಿದರೆ ಇಬ್ಬರೂ ಮುಳುಗುತ್ತೇವೆಂದು ಅವನಿಗೆ ಗೊತ್ತಿತ್ತು. ಹಾರಲಿಲ್ಲ. ಪ್ರತಿ ಅಲೆಯ ನೆತ್ತಿಯ ಮೇಲೂ ಸನದನ ಕಿತ್ತಳೆ ಬಣ್ಣದ ತೇಲುವ ಜಾಕೀಟು ಏಳುತ್ತಿತ್ತು, ಪ್ರತಿ ಸಲವೂ ಇನ್ನಷ್ಟು ಚಿಕ್ಕದಾಗುತ್ತಿತ್ತು. ಬಿಸಿಲು ನೆತ್ತಿಗೇರಿತ್ತು. ಆಮೇಲೆ ಒಂದು ಅಲೆ ಬರಿದಾಗಿ ಎದ್ದಿತು. ಅದರ ಬೆನ್ನಿಗೆ ಬಂದದ್ದೂ ಬರಿದೇ.

ಕೆಲವು ದಿನ ಕಳೆದು ಸರಕಿನ ಹಡಗೊಂದು ಮತರನನ್ನು ಎತ್ತಿಕೊಂಡು ಮೊಂಬಾಸಾದಲ್ಲಿ ಇಳಿಸಿತು. ಅವನು ವಿಮಾನದಲ್ಲಿ ಊರಿಗೆ ಬಂದಾಗ ಜನ ನೆರೆದಿದ್ದರು. ಅವನು ನಡೆದದ್ದನ್ನು ಇದ್ದಂತೆ ಹೇಳಿದ. ಬಿಚ್ಚಿದ ಹಗ್ಗವನ್ನೂ, ತಾನು ಹಾರದೆ ಉಳಿದದ್ದನ್ನೂ ಮುಚ್ಚಿಡಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಹಣೆಯಲ್ಲಿ ಬರೆದದ್ದು ಎಂದರು, ಭುಜ ತಟ್ಟಿದರು. ಆ ತಟ್ಟುವ ಕೈಗಳನ್ನು ತಾಳಲಾರದೆ ಅವನು ಮನೆಯ ಬಾಗಿಲು ಹಾಕಿಕೊಂಡ.

ಉಮ್ ಸನದ್ ಅಳಲಿಲ್ಲ. ಮಗ ಬದುಕಿದ್ದಾನೆ, ಸೊಕೋತ್ರಾದ ಮೀನುಗಾರರು ಎತ್ತಿಕೊಂಡಿದ್ದಾರೆ, ಅಲ್ಲಿಂದ ಸುದ್ದಿ ಬರುವುದು ತಡ ಎಂದು ಬಂದವರಿಗೆಲ್ಲ ಹೇಳಿದಳು. ಹಿಂದೆಯೂ ಹಾಗೆ ಬಂದವರಿದ್ದರು. ಊರಿನ ಪ್ರತಿ ಮನೆಯಲ್ಲೂ ಅಂಥ ಒಂದು ಕಥೆಯಿತ್ತು. ಶವವಿಲ್ಲ, ಕಂಡವರಿಲ್ಲ. ಹಾಗಾಗಿ ಸನದ್ ಸತ್ತವರ ಲೆಕ್ಕಕ್ಕೆ ಸೇರಲಿಲ್ಲ. ಕಾಣೆಯಾದವನ ಹೆಂಡತಿ ವಿಧವೆ ಎನಿಸಿಕೊಳ್ಳಲೂ ವರ್ಷಗಟ್ಟಲೆ ಕಾಯಬೇಕು.

ಹಾಗೇ ಬೇಸಗೆ ಬಂತು. ಒಂದು ಮಧ್ಯಾಹ್ನ ಶಮ್ಸಾ ಅಣ್ಣನ ಮನೆಗೆ ಬಂದಳು. ಬಂದವಳು ಕೂರಲೂ ಇಲ್ಲ.

“ಖಾಜಿ ಹತ್ರ ಹೋಗಿದ್ದೆ. ಅಲ್ಲಿದ್ದೋನು ನೀನೊಬ್ನೇ, ನಿನ್ನ ಮಾತು ಕೇಳಿ ತೀರ್ಮಾನ ಮಾಡ್ತಾರಂತೆ. ನಮ್ಮನೆಯವರು ಹೋದ್ರು ಅಂತ ಹೇಳ್ಬಿಡು ಅಣ್ಣ.”

“ನಾನು ನೋಡ್ಲಿಲ್ಲ ಶಮ್ಸಾ.”

“ನಾನು ಗಂಡ ಇರೋಳೂ ಅಲ್ಲ, ಗಂಡ ಸತ್ತೋಳೂ ಅಲ್ಲ. ಆ ಮನೇಲಿ ನಂಗೆ ಅಳೋಕೂ ಅಪ್ಪಣೆ ಇಲ್ಲ. ಕಣ್ಣು ಒದ್ದೆಯಾದ್ರೆ ಅತ್ತೆ ಬಾಯಿ ಮೇಲೆ ಹೊಡೀತಾರೆ, ಬದುಕಿರೋನಿಗೆ ಯಾಕೆ ಅಳ್ತೀಯ ಅಂತ. ಅವರ ಅಂಗಿಗಳನ್ನ ವಾರವಾರ ಒಗೆದು ಮಡಚ್ತೀನಿ. ಯಾರಿಗೆ ಅಂತ ಮಡಚ್ಲಿ ಹೇಳು.”

ಅವಳು ಬಾಗಿಲ ತನಕ ಹೋಗಿ ತಿರುಗಿದಳು. “ಕರ್ಕೊಂಡು ಹೋದೋನು ನೀನು. ಸಾವನ್ನಾದ್ರೂ ತಂದು ಕೊಡು.”

ಊರಲ್ಲಿ ಅವನನ್ನು ದೂರಿದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಅವನು ಗೋಡೆಗೊರಗಿ ಕುಳಿತು, ಸಮುದ್ರದಿಂದ ಬಂದ ಮೇಲೆ ಮೊದಲ ಬಾರಿಗೆ ಅತ್ತ.

ನ್ಯಾಯಾಲಯದಲ್ಲಿ ಹೆಂಗಸರ ಸಾಲಿನಲ್ಲಿ ಅತ್ತೆಯೂ ಸೊಸೆಯೂ ಎರಡು ತುದಿಗೆ ಕುಳಿತಿದ್ದರು. ಖಾಜಿ ಸಮಾಧಾನದ ಮನುಷ್ಯ. ಮತರ್ ಎಲ್ಲವನ್ನೂ ಹೇಳಿದ. ಸನದ್ ಸತ್ತದ್ದನ್ನು ನೋಡಿದೆಯಾ ಎಂದು ಖಾಜಿ ಕೇಳಿದರು. ಇಲ್ಲ, ಕೊನೆಗೆ ಕಂಡಾಗ ಅವನು ಬದುಕಿದ್ದ ಎಂದ. ಉಮ್ ಸನದ್ ದೇವರನ್ನು ನೆನೆದದ್ದು ಎಲ್ಲರಿಗೂ ಕೇಳಿಸಿತು.

“ಇಂಥಾ ಸಂಗತಿಗಳನ್ನ ನಿನ್ನಷ್ಟು ಬಲ್ಲೋರು ನಮ್ಮಲ್ಲಿ ಯಾರೂ ಇಲ್ಲ,” ಎಂದರು ಖಾಜಿ. “ಕುಡಿಯೋ ನೀರಿಲ್ಲದೆ, ಆ ಸಮುದ್ರದಲ್ಲಿ, ಬರೀ ಜಾಕೀಟಿನ ಮೇಲೆ ಮನುಷ್ಯ ಬದುಕ್ತಾನಾ? ದೇವರ ಮೇಲೆ ಆಣೆಯಿಟ್ಟು ಹೇಳು.”

ಮತರ್ ಬಾಯಿ ತೆರೆಯುವ ಮೊದಲೇ ಮುದುಕಿ ಎದ್ದು ನಿಂತಳು. “ಅವನನ್ನ ಏನು ಕೇಳ್ತೀರಿ ಸ್ವಾಮಿ? ಅವನ ಉತ್ತರ ಮಾರ್ಕೆಟ್ಟಿನ ಗೋಡೆ ಮೇಲೇ ಇದೆ. ಕೈಚೆಲ್ಲೋವರೆಗೂ ಮನುಷ್ಯ ಸಾಯಲ್ಲ ಅಂತ ಮಕ್ಕಳಿಗೆಲ್ಲ ಹೇಳ್ಕೊಟ್ಟೋನು ಇವನೇ. ನನ್ನ ಮಗ ಕೈಚೆಲ್ಲೋನಲ್ಲ. ಅಲ್ವೇನೋ ಮತರ್?”

ಮತರ್ ತಂಗಿಯ ಕಡೆ ನೋಡಲಿಲ್ಲ, ಮುದುಕಿಯ ಕಡೆಗೂ ನೋಡಲಿಲ್ಲ. ಹಿಮದ ಗಾಳಿಯಲ್ಲಿ ಡೇರೆ ಹರಿದುಹೋದ ಹೊತ್ತು, ಮರಳಿನಲ್ಲಿ ನೀರು ತೀರಿದ ಹೊತ್ತು, ತನ್ನನ್ನು ಎತ್ತಿ ನಿಲ್ಲಿಸಿದ್ದು ಆ ಮಾತೇ ಎಂದು ಅವನು ಇಷ್ಟು ವರ್ಷ ನಂಬಿದ್ದ. ಆ ದಿನ ಬಿಸಿಲಿನಲ್ಲಿ ತಾನು ಕಂಡದ್ದು ಬೇರೆ. ಸನದ್ ಕೈಚೆಲ್ಲಿರಲಿಲ್ಲ. ಇಬ್ಬರನ್ನು ದೂರ ಮಾಡಲು ಗಾಳಿಗೆ ಅವನು ಕೈಚೆಲ್ಲುವುದು ಬೇಕಾಗಿಯೇ ಇರಲಿಲ್ಲ.

“ಬದುಕಲ್ಲ,” ಎಂದ. “ಎರಡು ದಿನ. ಹೆಚ್ಚಂದ್ರೆ ಮೂರು.”

“ಹಾಗಾದ್ರೆ ಇಷ್ಟು ವರ್ಷ ಹೇಳಿದ್ದು?” ಎಂದಳು ಉಮ್ ಸನದ್.

“ಸುಳ್ಳು ಉಮ್ಮಾ. ನಾನು ಉಳ್ಕೊಂಡು ಬಂದಿದ್ದೆ, ಅದಕ್ಕೆ ಹಾಗಂದೆ. ಉಳೀದೇ ಇದ್ದೋರು ಬಂದು ಹೇಳಲ್ವಲ್ಲ.”

“ನನ್ನ ಮಗನನ್ನ ಸಮುದ್ರ ಬಿಟ್ಟಿತ್ತು,” ಎಂದಳು ಮೆಲ್ಲಗೆ. “ಇವತ್ತು ನೀನು ಕೊಂದೆ.”

ಸನದ್ ಸತ್ತನೆಂದು ತೀರ್ಪಾಯಿತು. ಶುಕ್ರವಾರ ಮಸೀದಿಯಲ್ಲಿ ಶವವಿಲ್ಲದ ಶವಪ್ರಾರ್ಥನೆ ನಡೆಯಿತು. ಶಮ್ಸಾ ವಿಧವೆಗೆ ವಿಧಿಸಿದ ಶೋಕದ ಕಾಲವನ್ನು ಮನೆಯೊಳಗೆ ಕಳೆದು, ಅದು ಮುಗಿದ ಮೇಲೆ ಮಸ್ಕತ್ತಿನ ಚಿಕ್ಕಮ್ಮನ ಮನೆಗೆ ಹೋದಳು. ಅಣ್ಣನಿಗೆ ಹೇಳಿಹೋಗಲಿಲ್ಲ. ಕೇಳಿದ್ದನ್ನು ಅವನು ಕೊಟ್ಟಿದ್ದ. ಕೊಟ್ಟವನ ಮುಖ ನೋಡಲು ಅವಳಿಂದಾಗಲಿಲ್ಲವೋ ಏನೋ.

ಮತರ್ ಮತ್ತೆಲ್ಲಿಗೂ ಹೋಗಲಿಲ್ಲ. ಕರೆಯಲು ಬಂದ ಶಾಲೆಯವರನ್ನು ಬಾಗಿಲಿಂದಲೇ ಕಳಿಸಿದ. ಗೋಡೆಯ ಮೇಲಿನ ಬರಹಕ್ಕೆ ತಾನೇ ಸುಣ್ಣ ಬಳಿದ. ದಿನವೂ ಬೆಳಿಗ್ಗೆ ಒಳ್ಳೆಯ ಅಂಜಲ್ ಮೀನೊಂದನ್ನು ಕೊಂಡು ಉಮ್ ಸನದಳ ಮನೆಯ ಕಟ್ಟೆಯ ಮೇಲಿಡುತ್ತಿದ್ದ. ಅವಳು ಹೊರಬಂದು, ಅವನು ನೋಡುತ್ತಿರುವಂತೆಯೇ, ಅದನ್ನು ಬೀದಿಯ ಬೆಕ್ಕುಗಳಿಗೆ ಎಸೆಯುತ್ತಿದ್ದಳು. ಮರುದಿನ ಅವನು ಮತ್ತೆ ತರುತ್ತಿದ್ದ. ಮುದುಕಿ ಸಾಯಂಕಾಲ ದಡಕ್ಕೆ ಹೋಗಿ ದಕ್ಷಿಣದಿಂದ ಬಂದ ದೋಣಿಯವರನ್ನೆಲ್ಲ ವಿಚಾರಿಸುತ್ತಿದ್ದಳು. ತೀರ್ಪು ಅವಳಿಗೆ ತಾಕಿರಲಿಲ್ಲ.

ತೀರ್ಪಿನ ನಂತರದ ಎರಡನೆಯ ಚಳಿಗಾಲದಲ್ಲಿ ಅವಳು ಆಸ್ಪತ್ರೆ ಸೇರಿದಳು. ಎದೆಯಲ್ಲಿ ನೀರು ತುಂಬಿದೆ ಎಂದರು. ಒಂದು ಮಧ್ಯಾಹ್ನ ಅವಳು ಮತರನನ್ನು ಕರೆಸಿದಳು. ಅವನು ಮಂಚದ ಪಕ್ಕ ನಿಂತ. ಅವಳ ಉಸಿರು ತುಂಡುತುಂಡಾಗಿ ಬರುತ್ತಿತ್ತು.

“ಕೊನೆಗೆ ಕಂಡಾಗ ಏನು ಮಾಡ್ತಿದ್ದ?”

ಇದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. “ಕೈ ಬೀಸ್ತಿದ್ದ, ಉಮ್ಮಾ.”

“ಬಾ ಅಂತಾನೋ? ಹೋಗು ಅಂತಾನೋ?”

“ಹೋಗು ಅಂತ” ಎಂದುಬಿಟ್ಟಿದ್ದರೆ ಅವಳು ನಂಬುತ್ತಿದ್ದಳು. ಅವನಿಗೂ ನಿದ್ದೆ ಬರುತ್ತಿತ್ತೇನೋ.

“ಗೊತ್ತಾಗ್ಲಿಲ್ಲ,” ಎಂದ. “ದೂರದಿಂದ ಎರಡೂ ಒಂದೇ ಥರ ಕಾಣುತ್ತೆ.”

ಅವಳು ಕಣ್ಣು ಮುಚ್ಚಿದಳು. ಹೋಗೆಂದೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ದಾದಿ ಬಂದು, ರೋಗಿಗಳನ್ನು ನೋಡುವ ಸಮಯ ಮುಗಿಯಿತೆಂದಾಗ ಮತರ್ ಹೊರಗೆ ಬಂದ.