ಒಂದು ಕಾರಿಗೆ ಒಂದೇ ಕೀ

ಪಾಲಿಶಣ್ಣನಿಗೆ ಸಿಟ್ಟು ಬಂದರೆ ಅವನ ಅಂಗಡಿಯಲ್ಲಿ ನೇತುಹಾಕಿದ ಹಿತ್ತಾಳೆ ಹಿಡಿಗಳು, ನಲ್ಲಿಗಳೆಲ್ಲ ಉಜ್ಜದೆಯೇ ಹೊಳೆಯುತ್ತವೆ ಎಂದು ಬೀದಿಯವರು ಹೇಳುತ್ತಾರೆ. ಇದು ಶುದ್ಧ ಉತ್ಪ್ರೇಕ್ಷೆ. ಹೊಳೆಯುವುದು ಬಾಗಿಲ ಹತ್ತಿರ ಇರುವವು ಮಾತ್ರ.

ಆ ಭಾನುವಾರ ಮಾತ್ರ ಒಳಗಿನವೂ ಹೊಳೆದವು. ಅಕ್ಕನ ಗಂಡ ಕಾರಿನ ಕೀಯನ್ನು ತಂದು ಮೇಜಿನ ಮೇಲೆ ಎಸೆದಿದ್ದ. ಕೀಯ ಹಿಡಿಯಲ್ಲಿ ನಿಕ್ಕಲ್ ಸುಲಿದು ಒಳಗಿನ ಹಿತ್ತಾಳೆ ಇಣುಕುತ್ತಿತ್ತು. ಹಲ್ಲುಗಳು ಸವೆದು ಒಸಡಿನ ಮಟ್ಟಕ್ಕೆ ಬಂದಿದ್ದವು. ತುದಿ ಸೊಟ್ಟಗಾಗಿ, ಅದಕ್ಕೆ ಹಸಿರು ಬಣ್ಣ ಮೆತ್ತಿಕೊಂಡಿತ್ತು.

“ಏನ್ ಭಾವ ಇದು? ಮತ್ತೆ ಬಣ್ಣದ ಡಬ್ಬಿ ಮುಚ್ಚಳ ಎಬ್ಬಿಸಿದ್ರಾ?”

“ಕಿಟಕಿಗೆ ಬಣ್ಣ ಹೊಡೀಬೇಕಿತ್ತು ಕಣಯ್ಯಾ. ಇನ್ನೇನು, ಹಲ್ಲಲ್ಲಿ ಕಚ್ಚಿ ತೆಗೀಲಾ?”

“ಕಚ್ಚಿ! ನಿಮ್ಮ ಹಲ್ಲು ಹೋದ್ರೆ ಹೊಸದು ಕಟ್ಟಿಸ್ಕೋಬಹುದು. ಈ ಕೀ ಇರೋದು ಒಂದೇ!”

ಇದ್ದದ್ದು ಒಂದೇ, ನಿಜ. ಕಾರು ಅಪ್ಪನದು. ಅಪ್ಪನೂ ಪಾಲಿಶ್ ಕೆಲಸದವನೇ. ಅಕ್ಕ, ತಮ್ಮ ಇಬ್ಬರೂ ಇದೇ ಅಂಗಡಿಯ ಸಾಣೆಯ ಧೂಳು ಕುಡಿದು ಬೆಳೆದವರು. ಮುದುಕ ಹಾಸಿಗೆ ಹಿಡಿಯುವ ಮುಂಚೆ ಇಬ್ಬರನ್ನೂ ಕೂರಿಸಿ, ಕಾರಿನ ಎರಡನೇ ಕೀಯನ್ನು ಅವರ ಕಣ್ಣೆದುರೇ ಸಾಣೆಗೆ ಹಿಡಿದು ಪುಡಿ ಮಾಡಿದ್ದ. “ಎರಡು ಕೀ ಇದ್ರೆ ಎರಡು ಮನೆ ಆಗುತ್ತೆ. ಒಂದೇ ಇದ್ರೆ ಜಗಳ ಆಡೋಕಾದ್ರೂ ಸೇರ್ತೀರಿ,” ಎಂದಿದ್ದ.

ಅಂದಿನಿಂದ ಕಾರು ಒಂದು ವಾರ ಅಕ್ಕನ ಮನೆಯಲ್ಲಿ, ಒಂದು ವಾರ ತಮ್ಮನ ಅಂಗಡಿಯ ಮುಂದೆ. ಭಾನುವಾರ ಕೀ ಕೈ ಬದಲಾಗುತ್ತಿತ್ತು. ಅಕ್ಕ ಬಂದರೆ ಚಹಾ ಕುಡಿದು, ತಮ್ಮನ ಅಂಗಿಯ ಗುಂಡಿ ಕಿತ್ತುಹೋಗಿದ್ದಕ್ಕೆ ಬೈದು, ಗುಂಡಿ ಹೊಲಿದು, ಹೊಲಿದ ಮೇಲೂ ಬೈದು ಹೋಗುತ್ತಿದ್ದಳು. ಒಂಟಿ ಗಂಡಸಾದ ಪಾಲಿಶಣ್ಣನನ್ನು ಬೈಯಲು ಇನ್ನು ಯಾರಿದ್ದರು? ವಾರದ ಮಿಕ್ಕ ದಿನ ಬೈಯುವ ಕೆಲಸವೆಲ್ಲ ಅವನೊಬ್ಬನ ಮೇಲೇ ಬೀಳುತ್ತಿತ್ತು.

ಆದರೆ ಹಲ್ಲು ಸವೆದ ಕೀಗೆ ಒಂದು ಕೆಟ್ಟ ಗುಣ ಬಂದುಬಿಡುತ್ತದೆ: ಯಾವ ಬೀಗ ಕರೆದರೂ ಓಗೊಡುತ್ತದೆ. ಹಿಂದಿನ ವಾರ ಭಾವ ಪಕ್ಕದ ಬೀದಿಯ ಹಲ್ಲಿನ ಡಾಕ್ಟರ ಕಾರನ್ನು ತನ್ನದೆಂದುಕೊಂಡು ಇದೇ ಕೀಯಿಂದ ತೆಗೆದಿದ್ದ. ಅದೇ ಮಾದರಿ, ಅದೇ ಬೂದು ಬಣ್ಣ. ಸ್ಟಾರ್ಟ್ ಮಾಡಿ, ಮಾರುಕಟ್ಟೆಗೆ ಹೋಗಿ, ಒಂದು ಮೂಟೆ ಈರುಳ್ಳಿ ಹೇರಿಕೊಂಡು ಬಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಸರಿ. ನೇರ ಪಾಲಿಶಣ್ಣನ ಅಂಗಡಿಗೆ ಬಂದು, “ನನ್ನ ಒಂದ್ ಮಾತು ಕೇಳದೆ ಸೀಟ್ ಕವರ್ ಯಾಕೆ ಬದಲಾಯಿಸಿದೆ?” ಎಂದು ಜಗಳ ತೆಗೆದ. ಪಾಲಿಶಣ್ಣನೇನು ಕಡಿಮೆಯೇ? ತಾನು ಕಂಡೇ ಇರದ ಆ ಕವರಿನ ಪರವಾಗಿ ಗಂಟಲು ಹರಿಯುವಂತೆ ವಾದಿಸಿದ. ಡಾಕ್ಟರು ಏದುಸಿರು ಬಿಡುತ್ತ ಓಡಿಬಂದ ಮೇಲೆಯೇ ಕಾರು ಯಾರದೆಂದು ಇಬ್ಬರಿಗೂ ತಿಳಿದದ್ದು. ಗೆದ್ದವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

“ಇದ್ದ ಮಾನ ಎಲ್ಲ ಹೋಯ್ತು,” ಎಂದ ಭಾವ. “ಕಾರಿನ ನಂಬರ್ ಕೊಟ್ರೆ ಹೊಸ ಕೀ ಮಾಡ್ಕೊಡ್ತಾರೆ. ಎರಡು ಮಾಡಿಸ್ತೀನಿ. ನಿಂಗೊಂದು, ನಮಗೊಂದು. ಕಾರು ನಮ್ಮನೆ ಮುಂದೆ ನಿಂತಿರುತ್ತೆ, ಬೇಕಾದಾಗ ತಗೊಂಡ್ ಹೋಗು. ಬೆಲ್ ಮಾಡೋದೂ ಬೇಡ.”

ಬೆಲ್ ಮಾಡೋದೂ ಬೇಡ! ಆ ಮಾತು ಪಾಲಿಶಣ್ಣನ ತಲೆಯೊಳಗೆ ಸಾಣೆಗೆ ಸಿಕ್ಕ ಮೊಳೆಯಂತೆ ಕಿರುಗುಟ್ಟಿತು. ಬೆಲ್ ಇಲ್ಲದಿದ್ದರೆ ಬಾಗಿಲಿಗೆ ಅಕ್ಕ ಬರುವುದಿಲ್ಲ. ಇಲ್ಲಿಗಂತೂ ಬರಲು ಅವಳಿಗೆ ಕೆಲಸವೇ ಇರುವುದಿಲ್ಲ. ಆದರೆ ಅಷ್ಟನ್ನು ಬಾಯಿಬಿಟ್ಟು ಹೇಳುವ ಜಾತಿಯವನಲ್ಲ ಅವನು. ಮೇಜು ಗುದ್ದಿದ.

“ಬರೋ ಭಾನುವಾರದ ತನಕ ಸುಮ್ನಿರಿ. ಈ ಕೀನೇ ಹೊಸದು ಮಾಡ್ತೀನಿ.”

“ಸವೆದಿದ್ದನ್ನ ಹೊಸದು ಮಾಡೋಕೆ ನೀನೇನು ದೇವ್ರಾ?”

“ಅಲ್ಲ. ದೇವ್ರಿಗೆ ತಾಳ್ಮೆ ಜಾಸ್ತಿ.”

ವಾರವಿಡೀ ಬೇರೆ ಗಿರಾಕಿಗಳ ನಲ್ಲಿಗಳು ಕಪ್ಪಾಗಿಯೇ ಕೂತವು. ಕೀಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಯ ಕೊಳೆ ತೆಗೆದ. “ಬಣ್ಣದ ಡಬ್ಬಿ ತೆಗೀತಾನಂತೆ!” ಎಂದು ಹಸಿರನ್ನು ಕೆರೆದ. ಮರದ ಸುತ್ತಿಗೆಯಿಂದ ತುದಿಯನ್ನು ತಟ್ಟಿ ನೇರ ಮಾಡಿದ. ಒಂದೊಂದು ಏಟಿಗೂ ಭಾವನ ಬೇರೆಬೇರೆ ಅಂಗ ನೆನಪಾಯಿತು. ಹಿಡಿಯ ಮೇಲಿನ ಗೀರುಗಳನ್ನು ನೀರು ಹಾಕಿ ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯ ಚಕ್ರಕ್ಕೆ ಹಿಡಿದ. ಹಿತ್ತಾಳೆ ಎಷ್ಟು ಹೊಳೆಯಿತೆಂದರೆ ಎದುರು ಮನೆಯವರು ಸಂಜೆಯಾಯಿತೆಂಬುದೇ ತಿಳಿಯದೆ ಬಟ್ಟೆ ಒಣಹಾಕಿದರು.

ಹಲ್ಲುಗಳ ತಂಟೆಗೆ ಮಾತ್ರ ಹೋಗಲಿಲ್ಲ. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಆದರೆ ಬೀಗವೂ ಅದರ ಜೊತೆಗೇ ಸವೆದಿತ್ತು. ಹಳೇ ಗಂಡಹೆಂಡಿರ ಹಾಗೆ ಅವಕ್ಕೆ ಹೊಂದಿಕೆ ಇತ್ತು. ಇನ್ನು ಹಲ್ಲಿನ ಡಾಕ್ಟರ ಸಮಸ್ಯೆ. ಅವರನ್ನು ಕಂಡು, ಕಾರನ್ನು ಬೇರೆ ಬೀದಿಯಲ್ಲಿ ನಿಲ್ಲಿಸಿಕೊಳ್ಳುವಂತೆ ಗದರಿ ಬಂದ.

ಕೊನೆಗೆ, ಕೈಬೆವರಿಗೆ ಮತ್ತೆ ಮಾಸದಂತೆ, ಬಣ್ಣವಿಲ್ಲದ ಮೆರುಗೆಣ್ಣೆ. ಅದಕ್ಕೆ ಮುಂಚೆ ಹಲ್ಲುಗಳಿಗೆ ಟೇಪು ಸುತ್ತಿದ. ಬೀಗದೊಳಗೆ ಹೋಗುವ ಭಾಗಕ್ಕೆ ಮೆರುಗೆಣ್ಣೆ ತಾಗಕೂಡದು, ತಾಗಿದರೆ ಕೀ ಬೀಗದಲ್ಲೇ ಕಚ್ಚಿಕೊಳ್ಳುತ್ತದೆ: ಇದು ಅಪ್ಪ ಅಕ್ಕತಮ್ಮಂದಿರಿಬ್ಬರಿಗೂ ಕಿವಿ ಹಿಂಡಿ ಕಲಿಸಿದ ಪಾಠ.

ಭಾನುವಾರ ಅಕ್ಕ, ಭಾವ ಇಬ್ಬರೂ ಬಂದರು. ಹಿಡಿ ಚೆನ್ನಾಗಿ ಒಣಗಿ ಗಾಜಿನಂತೆ ಮಿನುಗುತ್ತಿತ್ತು. ಟೇಪು ಬಿಚ್ಚುವುದೊಂದೇ ಬಾಕಿ.

“ಅಪ್ಪನ ಕೈ ಬಂದಿದೆ ಕಣೋ ನಿಂಗೆ,” ಎಂದಳು ಅಕ್ಕ.

ಭಾವ ಕೀಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಸವೆದಿರೋದು ಹಲ್ಲು. ಎಣ್ಣೆ ಹಚ್ಚಿರೋದು ಹಿಡಿಗೆ. ಮಂಡಿ ನೋವು ಅಂದ್ರೆ ತಲೆಗೆ ಟೋಪಿ ಹಾಕಿದಂಗಾಯ್ತು.”

“ಹಲ್ಲಿಗೆ ಹಚ್ಚಬಾರದು ಭಾವ.”

“ಹಚ್ಚೋಕೆ ಬರಲ್ಲ ಅನ್ನು. ಹೋಗ್ಲಿ ಬಿಡು, ಪಾಪ.” ಎಂದವನೇ ಜೇಬಿನಿಂದ ಎರಡು ಹೊಚ್ಚಹೊಸ ಕೀಗಳನ್ನು ತೆಗೆದು ಝಣಝಣ ಅಲ್ಲಾಡಿಸಿದ. “ನಾನು ಮೊನ್ನೇನೇ ಮಾಡಿಸಿಟ್ಟಿದೀನಿ. ತಗೋ, ಒಂದು ನಿಂದು.”

ಆ ‘ಪಾಪ’ ಒಂದು ಇಲ್ಲದಿದ್ದರೆ ಏನಾಗುತ್ತಿತ್ತೋ. ಪಾಲಿಶಣ್ಣ ಟೇಪನ್ನು ಸರ್ರನೆ ಕಿತ್ತ.

“ಬೇಡ ಕಣೋ! ಕೆಣಕ್ತಿದಾರೆ ಅವರು!” ಎಂದಳು ಅಕ್ಕ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಪಾಲಿಶಣ್ಣ ಶಾಂತವಾದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಅವನಿಗೆ ಅದು ಲೆಕ್ಕಕ್ಕಿಲ್ಲ. ಹಲ್ಲುಗಳನ್ನು ಮೆರುಗೆಣ್ಣೆಯ ಡಬ್ಬಿಯಲ್ಲಿ ಅದ್ದಿದ, ಎತ್ತಿದ, ಗಾಳಿಯಲ್ಲಿ ಬೀಸಿದ, ಮತ್ತೆ ಅದ್ದಿದ.

“ಒಣಗೋಕಾದ್ರೂ ಬಿಡೋ!”

“ನನ್ನ ಉಸಿರಿನ ಬಿಸಿ ಸಾಕು!”

ದಡದಡ ನಡೆದು ಕಾರಿನಲ್ಲಿ ಕೂತು ಕೀ ತೂರಿಸಿದ. ಕೀ ಗೊಣಗಿಕೊಂಡು ಒಳಗೆ ಹೋಯಿತು. ತಿರುಗಿಸಿದ, ಕಾರು ಗುರ್ ಎಂದಿತು. “ನೋಡಿ ಭಾವ! ಕಣ್ಣಿದ್ರೆ ನೋಡಿ!” ಎಂದು ಕೂಗಿ ಆಫ್ ಮಾಡಿ ಕೀ ಎಳೆದ.

ಬರಲಿಲ್ಲ.

ಕಾಲು ಒತ್ತಿ ಎಳೆದ. ಭಾವ ಎಳೆದ. ಭಾವನನ್ನು ಹಿಡಿದು ಪಾಲಿಶಣ್ಣ ಎಳೆದ. ಭಾವನ ಅಂಗಿತೋಳಿನ ಹೊಲಿಗೆ ಕಿತ್ತು ಬಂತು, ಕೀ ಬರಲಿಲ್ಲ.

“ಇಕ್ಕಳ ಕೊಡು.”

“ಇಕ್ಕಳನಾ? ನನ್ನ ಪಾಲಿಶ್ ಮೇಲಾ? ಮುಟ್ಟಿ ನೋಡಿ, ಕೈ ಮುರೀತೀನಿ!”

ಭಾವ ಎರಡು ಹೊಸ ಕೀಗಳನ್ನು ಹಿಡಿದು ನಿಂತ. ತೂರಿಸಲು ಇದ್ದದ್ದು ಒಂದೇ ತೂತು, ಅದರಲ್ಲಿ ಹಳೆಯ ಕೀ ಹಿಡಿಯ ತನಕ ಕೂತು ಹೊಳೆಯುತ್ತಿತ್ತು.

“ಹಾಕಿ ಭಾವ!” ಎಂದು ಅರಚಿದ ಪಾಲಿಶಣ್ಣ. “ಎರಡೂ ಹಾಕಿ! ಎಲ್ಲಿ ಹಾಕ್ತೀರೋ ನಾನೂ ನೋಡ್ತೀನಿ!”

“ಹಚ್ಚಿದವನಿಗೆ ಕರಗಿಸೋಕೆ ಬರಲ್ವಾ? ಏನಾದ್ರೂ ಇರುತ್ತಲ್ಲ ಅಂಗಡೀಲಿ?”

ಇತ್ತು. ನಾಲ್ಕು ಹನಿ ಥಿನ್ನರ್ ಬಿಟ್ಟರೆ ಬೆಣ್ಣೆಯ ಹಾಗೆ ಜಾರಿ ಬರುತ್ತಿತ್ತು. ಪಾಲಿಶಣ್ಣನ ಕಣ್ಣು ಅಂಗಡಿಯ ಮೂಲೆಗೆ ಹೋಯಿತು. ಅಲ್ಲಿ ಡಬ್ಬಿ ಇರಲಿಲ್ಲ. ಅದು ಬಾಗಿಲ ಹತ್ತಿರ ಇತ್ತು, ಅದರ ಮೇಲೆ ಅಕ್ಕ ಸೆರಗು ಸರಿಮಾಡಿಕೊಂಡು ಕೂತಿದ್ದಳು.

“ಥಿನ್ನರ್ ಅಂತ ಒಂದಿರುತ್ತೆ ರೀ,” ಎಂದಳು ಗಂಡನಿಗೆ. ಆಮೇಲೆ ತಮ್ಮನ ಕಡೆ ತಿರುಗಿ, “ಖಾಲಿ ಆಗಿದೆ ಅಲ್ವೇನೋ?”

ಅವಳು ಕೂತಲ್ಲೇ ಅಲುಗಿದಾಗ ಕೆಳಗೆ ಡಬ್ಬಿ ಗುಳಕ್ ಎಂದಿತು.

“ಖಾಲಿ!” ಎಂದು ಗುಡುಗಿದ ಪಾಲಿಶಣ್ಣ. “ಒಂದು ಹನಿ ಇಲ್ಲ! ನೀವಿಬ್ಬರೂ ಬಂದು ತಲೆ ತಿಂತಾ ಇದ್ರೆ ಸಾಮಾನು ತರೋಕೆ ಹೊತ್ತೆಲ್ಲಿದೆ ನಂಗೆ?”

“ಕೀ ಕಚ್ಚಿಕೊಂಡಿರೋ ಕಾರನ್ನ ಬೀದೀಲಿ ಬಿಟ್ಟು ಹೋಗೋದಾ? ಯಾವನಾದ್ರೂ ಓಡಿಸ್ಕೊಂಡು ಹೋಗ್ತಾನೆ!” ಎಂದ ಭಾವ.

“ಅದಕ್ಕೇನಂತೆ, ಮನೆಗೆ ಒಯ್ದ್ರೂ ನಿಲ್ಲೋದು ಬೀದೀಲೇ. ಇಲ್ಲೇ ಇರ್ಲಿ, ದಿನಾ ಬಂದು ಕಾಯೋಣ,” ಎಂದಳು ಅಕ್ಕ.

ಈಗ ಅವರಿಬ್ಬರೂ ದಿನಾ ಬರುತ್ತಾರೆ. ಭಾವ ಹೊಸ ಕೀಗಳನ್ನು ಝಣಗುಟ್ಟಿಸುತ್ತ ಮುಂದಿನ ಸೀಟಿನಲ್ಲಿ ಕೂರುತ್ತಾನೆ, ಪಾಲಿಶಣ್ಣ ಹಿಂದಿನ ಸೀಟಿನಲ್ಲಿ. ಡಾಕ್ಟರ ಸೀಟ್ ಕವರೇ ಚೆನ್ನಾಗಿತ್ತು ಎಂಬಲ್ಲಿಂದ ಜಗಳ ಶುರು. ವಾರಕ್ಕೊಂದು ದಿನ ಸಾಕಾಗಿದ್ದವನಿಗೆ ದಿನವೂ ಈ ಕಾಟ ಬಂದು ವಕ್ಕರಿಸಿತಲ್ಲ ಎಂದು ಪಾಲಿಶಣ್ಣ ಬೀದಿಗೆಲ್ಲ ಕೇಳುವಂತೆ ಕಿರುಚಾಡುತ್ತಾನೆ. ಅವನ ಅಂಗಿಯ ಗುಂಡಿಗಳು ಮಾತ್ರ ಎಲ್ಲವೂ ನೆಟ್ಟಗಿವೆ.

ಡಬ್ಬಿ ಗಟ್ಟಿಯಾಗಿ ಒತ್ತುತ್ತದೆ ಎಂದು ಅಕ್ಕ ಅದರ ಮೇಲೊಂದು ದಿಂಬು ಹಾಕಿಕೊಂಡಿದ್ದಾಳೆ.