ನೀಲಿ ಪರದೆಯ ಮೇಲಿನ ಕೈ

ಅಮ್ಮ ತೀರಿಕೊಂಡ ಕೆಲವು ತಿಂಗಳಿಗೆ ಅಪ್ಪನ ಕೋಣೆಯ ಕಿಟಕಿ ಪರದೆಯ ಮೇಲೆ ಒಂದು ಬಿಳಿ ಕೈ ಮೂಡಿತು. ಅಂಗೈ, ಐದು ಬೆರಳು, ಎಲ್ಲ ಸ್ಪಷ್ಟ. ಬಣ್ಣದ ಕಾರ್ಖಾನೆಯಲ್ಲಿ ಜೀವ ತೇಯ್ದ ಅಮ್ಮ ಮನೆಗೆಂದು ಅದ್ದಿ ತೆಗೆದ ನೀಲಿ ಉಳಿದಿದ್ದು ಆ ಪರದೆಯೊಂದರಲ್ಲೇ.

"ನಿಮ್ಮಮ್ಮ ಬಂದು ಹೋಗ್ತಿದ್ದಾಳೆ ಕಣೇ," ಎಂದಳು ಸೋದರತ್ತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವಳು ಅವಳು. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅನ್ನ ನೀರು ಬಿಟ್ಟು ಕಡ್ಡಿಯಾಗಿದ್ದ ಅಪ್ಪ ಅಂದಿನಿಂದ ಹೊಟ್ಟೆ ತುಂಬ ಉಣ್ಣತೊಡಗಿದ, ಪರದೆಯೊಂದಿಗೆ ಮಾತಾಡತೊಡಗಿದ. ದಿನ ಕಳೆದಂತೆ ಕೈ ಇನ್ನಷ್ಟು ಬೆಳ್ಳಗಾಯಿತು, ಸುತ್ತಲಿನ ನೀಲಿಯೂ ಕರಗತೊಡಗಿತು. ನನಗೆ ದಿಗಿಲಾಯಿತು. ದೆವ್ವಕ್ಕೆ ಹೆದರಿ ಅಲ್ಲ. ಆ ಬಿಳುಪಿನ ಗುರುತು ನನಗೆ ಚೆನ್ನಾಗಿಯೇ ಇತ್ತು.

ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅದು. ಕಾರ್ಖಾನೆಯಿಂದ ಹರಿದು ಬರುವ ಬಣ್ಣದ ನೀರಿಗೆ ಅರೆವಾಹಕದ ನ್ಯಾನೊ ಕಣಗಳನ್ನು ಬೆರೆಸಿ ಬಿಸಿಲಿಗಿಡುತ್ತೇವೆ. ನೋಡಲು ಹಿಟ್ಟಿಗಿಂತ ನುಣುಪಾದ ಬಿಳಿ ಪುಡಿ. ಬೆಳಕು ಬಿದ್ದದ್ದೇ ತಡ, ಅದು ಬಣ್ಣವನ್ನು ಒಡೆದು ಚೂರು ಮಾಡುತ್ತದೆ, ನೀರು ತಿಳಿಯಾಗುತ್ತದೆ. ಒಗೆಯಲೆಂದು ನಾನು ತರುತ್ತಿದ್ದ, ಆ ಪುಡಿ ಮೆತ್ತಿದ ಕೋಟನ್ನು ಕೊಡವಿ ಮೊಳೆಗೆ ಹಾಕುವುದು ಅಪ್ಪನ ರೂಢಿ. ಕೊಡವಿದ ಕೈಯಲ್ಲೇ ಹೋಗಿ ಪರದೆಯ ಅದೇ ಜಾಗಕ್ಕೆ ಅಂಗೈ ಒತ್ತಿ, ಸುತ್ತ ಸವರುತ್ತಿದ್ದ.

ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ. ಅಪ್ಪನನ್ನು ಪರದೆಯ ಮುಂದೆ ನಿಲ್ಲಿಸಿ ಎಲ್ಲ ಹೇಳಿದೆ.

"ನಂಬಿಕೆ ಇಲ್ದಿದ್ರೆ ನಿನ್ನ ಕೈ ಇಟ್ಟು ನೋಡು."

ಇಟ್ಟ. ಬೆರಳಿಗೆ ಬೆರಳು ಸರಿಯಾಗಿ ಕೂತಿತು. ಅಪ್ಪ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಅಂದ್ರೆ, ಅವಳನ್ನ ಅಳಿಸ್ತಿರೋದು ನಾನೇನಾ?"

"ಪುಡಿ ಅಳಿಸ್ತಿದೆ ಅಪ್ಪಾ. ನೀನು ಮುಟ್ಟದೆ ಇದ್ರೆ ಸಾಕು."

"ಬೆಳಕಿಲ್ದಿದ್ರೆ ಅದು ಏನೂ ಮಾಡಲ್ಲ ಅಲ್ವಾ?"

"ಏನೂ ಮಾಡಲ್ಲ."

ಅಪ್ಪ ತಲೆಯಾಡಿಸಿದ. ಅಂತೂ ಅರ್ಥವಾಯಿತಲ್ಲ ಎಂದು ಒಳಗೊಳಗೇ ಬೀಗಿದೆ. ಎಂಥ ದಡ್ಡಿ ನಾನು!

ಮರುದಿನ ಸಂಜೆ ಬಂದಾಗ ಅವನ ಕಿಟಕಿಗೆ ಹೊರಗಿನಿಂದ ಹಲಗೆ ಜಡಿದಿತ್ತು. ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿತ್ತು. ತಳ್ಳಿಕೊಂಡು ಒಳಗೆ ಕಾಲಿಟ್ಟು ಬಾಗಿಲು ಮುಚ್ಚಿದರೆ ನನ್ನ ಕೈ ನನಗೇ ಕಾಣದಷ್ಟು ಕತ್ತಲೆ. ಬಟ್ಟೆಯ ಮೇಲೆ ಅಂಗೈ ಮೆಲ್ಲಗೆ ಸರಿದಾಡುವ ಸದ್ದು ಮಾತ್ರ ಕೇಳುತ್ತಿತ್ತು. ಸ್ವಿಚ್ಚಿಗಾಗಿ ಗೋಡೆ ತಡಕಾಡಿದೆ.

"ದೀಪ ಹಾಕ್ಬೇಡ ಮಗಳೇ," ಎಂದ ಅಪ್ಪ, "ನಿಮ್ಮಮ್ಮ ಸವೆದುಹೋಗ್ತಾಳೆ."