ಸಿನಿಮಾ ಇಲ್ಲದ ಹಾಡು

"ಯಾವ ಸಿನಿಮಾದ್ದು?" ಎಂದರು ನರಸಿಂಹಮೂರ್ತಿ.

ನಾಸಿಕ್‌ನಿಂದ ಸಂಭಾಜಿನಗರಕ್ಕೆ ಹೊರಟ ನಮ್ಮ ಕನ್ನಡ ಸಂಘದ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆದಿತ್ತು. ಎಡಗಡೆ ಕೂತ ನಮ್ಮದೊಂದು ತಂಡ, ಬಲಗಡೆಯವರದು ಇನ್ನೊಂದು. ನರಸಿಂಹಮೂರ್ತಿ ನಿವೃತ್ತ ಎಂಜಿನಿಯರು, ಸಂಘದ ಅಧ್ಯಕ್ಷರು, ಯಾರೂ ಆರಿಸದಿದ್ದರೂ ತೀರ್ಪುಗಾರರು. ನಮ್ಮ ಕಡೆಗೆ 'ಕ' ಬಂದು ಎಲ್ಲರೂ ತಡಕಾಡುತ್ತಿರುವಾಗ, ನನ್ನ ಮಗಳು ಸಾಹಿತ್ಯ ಎದ್ದು ನಿಂತು ಹಾಡಿಯೇ ಬಿಟ್ಟಿದ್ದಳು:

"ಕೊನೆಯ ಬಸ್ಸು ಹೋದ ಮೇಲೆ ನಡೆದೇ ಬರುವೆ ನಾ..."

ನಾಸಿಕ್ ಪಕ್ಕದ ಓಝರ್‌ನಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುತ್ತಾಳೆ. ಅವಳ ಬಾಯಲ್ಲಿ ಇಡಿಯಾಗಿ ಉಳಿದಿರುವ ಕನ್ನಡವೆಂದರೆ ಇದೊಂದೇ. ಅವಳು ತೊಟ್ಟಿಲಲ್ಲಿದ್ದಾಗಿನಿಂದ ನಾನು ಹಾಡುತ್ತ ಬಂದಿದ್ದೇನೆ.

"ಸಿನಿಮಾದ್ದಲ್ರೀ ಸರ್," ಎಂದೆ. "ಪಾಪ್ ಹಾಡು. ಕ್ಯಾಸೆಟ್ ಬಂದಿತ್ತು."

"ಪಾಪ್ ಹಾಡಾ? ಅಯ್ಯೋ ಪಾಪ!" ಎಂದ ಬಲಗಡೆ ತಂಡದ ಹುಡುಗ ಪ್ರಜ್ವಲ. ಬಸ್ಸೆಲ್ಲ ನಕ್ಕಿತು. ಅವನು ಮೊಬೈಲಿನಲ್ಲಿ ಹುಡುಕಿ, "ಎಲ್ಲೂ ಇಲ್ಲ ಅಂಕಲ್, ಇಂಥ ಹಾಡೇ ಇಲ್ಲ," ಎಂದ.

"ನೋಡಿ ನಿರುಪಮಾ, ಸಿನಿಮಾ, ಭಾವಗೀತೆ, ದಾಸರ ಪದ, ಇಷ್ಟೇ. ಇಲ್ಲದಿದ್ರೆ ಯಾರು ಬೇಕಾದ್ರೂ ಕೂತಲ್ಲೇ ಹಾಡು ಹೊಸೆದು ಹೇಳಬಹುದಲ್ವಾ? ಪುಟ್ಟಿ, ಹಾಗೆಲ್ಲ ಮೋಸ ಮಾಡಬಾರದು. ಔಟ್!" ಎಂದರು ನರಸಿಂಹಮೂರ್ತಿ.

ಮೋಸ! ನನ್ನ ಕಿವಿ ಕಾದವು. ಆದರೆ ಬಾಯಿ ತೆರೆಯಲಿಲ್ಲ. ನನ್ನ ಸ್ವಭಾವವೇ ಹಾಗೆ. ಯಾರಾದರೂ ಜೋರಾಗಿ ಹೇಳಿದರೆ ಮೊದಲು ನನ್ನನ್ನೇ ಅನುಮಾನಿಸುತ್ತೇನೆ. ಆ ಹಾಡು ಹುಬ್ಬಳ್ಳಿಯ ಯಾರೋ ಹುಡುಗರು ಮಾಡಿದ್ದು. ನಾನು ಅಲ್ಲಿದ್ದಾಗ ನನಗೆ ಹಗಲು ಅಂಗಡಿಯಲ್ಲಿ ಕೆಲಸ, ಆಮೇಲೆ ಸಂಜೆ ಕಾಲೇಜು. ಬಸ್ಸು ತಪ್ಪಿದ ದಿನ ಅದನ್ನು ಗುನುಗುತ್ತಲೇ ಮನೆ ಮುಟ್ಟುತ್ತಿದ್ದೆ. ಕ್ಯಾಸೆಟ್ಟು ಎಂದೋ ಹಾಳಾಯಿತು. ಇಷ್ಟು ವರ್ಷ ನೆನಪಿನಿಂದ ಹಾಡುತ್ತ ನಾನೇ ಅರ್ಧ ಕಟ್ಟಿಬಿಟ್ಟಿದ್ದೇನೆಯೇ?

"ಹೋಗ್ಲಿ ಬಿಡ, ಆಟ ಅದು," ಎಂದರು ಪಕ್ಕದಲ್ಲಿದ್ದ ನನ್ನ ಗಂಡ ಬಿಂದುಮಾಧವ.

ದೌಲತಾಬಾದಿನಲ್ಲಿ ಎಲ್ಲರೂ ಕೋಟೆ ಹತ್ತಿದರು. ಸಾಹಿತ್ಯ ಕೆಳಗೇ ಕೂತಳು. ಸೀತಾಫಲ ಕೊಡಿಸಿದರೆ ಮುಟ್ಟಲಿಲ್ಲ. ಆಮೇಲೆ ಕೇಳಿದಳು, "ಆಯಿ, ತೇ ಖರಂ ಗಾಣಂ ನಾಹೀ ಕಾ?"

ಅದು ನಿಜವಾದ ಹಾಡಲ್ಲವೇ ಎಂದು. "ಖರೇ ಹಾಡವ್ವ ಅದು," ಎಂದೆ.

"ಮಗ ತೂ ಗಪ್ಪ ಕಾ ಬಸಲೀಸ್?"

ಹಾಗಾದರೆ ನೀನೇಕೆ ಸುಮ್ಮನೆ ಕೂತೆ? ಇನ್ನು ಮುಂದೆ ಆ ಹಾಡನ್ನು ಅವಳು ಹಾಡುವುದಿಲ್ಲ ಎಂಬುದು ಅವಳ ಮುಖದಲ್ಲಿ ಸ್ಪಷ್ಟವಾಗಿತ್ತು.

ಮರಳುವಾಗ ಆಟ ಮತ್ತೆ ಶುರುವಾಯಿತು. ನಮಗೆ 'ಕ' ಬರುವವರೆಗೂ ಕಾದೆ. ಬಂದೊಡನೆ ಸೀಟಿನ ಸರಳು ಹಿಡಿದು ಎದ್ದೆ.

"ಸರ್, ನನ್ನ ಮಗಳು ಮೋಸ ಮಾಡಿಲ್ಲ. ಸಿನಿಮಾದಾಗ ಬರಲಿಲ್ಲ ಅಂದ್ರ ಹಾಡು ಅಲ್ಲೇನ್ರೀ? ನಿಮ್ಮ ಪಾಯಿಂಟ್ ನೀವೇ ಇಟ್ಕೊಳ್ರಿ. ಪೂರಾ ಹಾಡ್ತೀನಿ, ಕೇಳ್ರಿ."

"ರೂಲ್ಸ್ ಅಂತ ಒಂದು—"

"ಕೇಳ್ರಿ!"

ಅಷ್ಟು ಜೋರಾಗಿ ನಾನು ಯಾರಿಗೂ ಅಂದದ್ದಿಲ್ಲ. ಹಾಡಿದೆ. ಅಂತ್ಯಾಕ್ಷರಿಯಲ್ಲಿ ಯಾರೂ ಪಲ್ಲವಿ ದಾಟುವುದಿಲ್ಲ. ನಾನು ಚರಣಗಳನ್ನೂ ಬಿಡಲಿಲ್ಲ. ಸ್ವರ ಒಡೆಯಿತು, ಒಂದು ಕಡೆ ಶ್ರುತಿಯೂ ತಪ್ಪಿತು. ಪ್ರಜ್ವಲ ಕಿಸಕ್ಕೆಂದ. ಕೊನೆಗೆ ಮತ್ತೆ "ನಡೆದೇ ಬರುವೆ ನಾ" ಎಂದು ನಿಲ್ಲಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಇದು ಲೆಕ್ಕಕ್ಕಿಲ್ಲ," ಎಂದರು ನರಸಿಂಹಮೂರ್ತಿ.

ಆಗ ಬಲಗಡೆಯ ಕಿಟಕಿ ಪಕ್ಕದಿಂದ 'ನ'ದಲ್ಲಿ ಶುರುವಾಗುವ ದಾಸರ ಪದವೊಂದು ಕೇಳಿತು. ಹಾಡುತ್ತಿದ್ದವರು ನರಸಿಂಹಮೂರ್ತಿಯವರ ಹೆಂಡತಿ ವೇದಾವತಿ.

"ಏನೇ ಮಾಡ್ತಿದೀಯ? ಅವರದ್ದು ಔಟು!"

"ಅವರು 'ನಾ'ಕ್ಕೆ ಬಿಟ್ರು, ನಾನು ಹಿಡಿದೆ. ನೀವು ಸುಮ್ನಿರಿ," ಎಂದು ಅವರು ಪದ ಮುಂದುವರಿಸಿದರು.

ನರಸಿಂಹಮೂರ್ತಿ ಕಿಟಕಿಯತ್ತ ತಿರುಗಿದರು. ಮಗುವಿಗೆ 'ಮೋಸ' ಎಂದ ಮಾತನ್ನು ಅವರು ಹಿಂದೆಗೆದುಕೊಳ್ಳಲಿಲ್ಲ. ಓಝರ್ ಬಂದು ಇಳಿಯುವಾಗಲೂ ಇಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ, ಇರಲಿ.

ಆದರೆ ವೇದಾವತಿಯವರ ಪದ ಮುಗಿಯುವ ಮೊದಲೇ ಸಾಹಿತ್ಯ ನನ್ನ ಸೆರಗು ಜಗ್ಗಿದ್ದಳು.

"ಆಯಿ, ಆತಾ... ಈಗ ನಮ್ಮ ಪಾಳಿ ಅಲ್ಲಾ?"